ನಮ್ಮ ಧ್ವನಿಗೊಂದು ನೆಲೆ: ಅಂತರಜಾಲದ ಬಾನುಲಿ

ಹೈದರಾಬಾದಿನಲ್ಲಿ ನೆಲಸಿರುವ ಕನ್ನಡಿಗನ ಕಿವಿಗೆ ದಿನವೆಲ್ಲ ಬೀಳುವುದು ತೆಲುಗು, ಉರ್ದು, ಹಿಂದಿ. ಇದರಲ್ಲಿ ದೂರತಕ್ಕದ್ದೇನೂ ಇಲ್ಲ. ಅನ್ನವಿಕ್ಕಿದ ಊರಿನ ಮಾತನ್ನು ಕಲಿಯುವುದು ಧರ್ಮವೇ ಸರಿ. ಆದರೆ ಒಲೆಯ ಮುಂದೆ ಬೆವರಿಳಿಸಿ ದುಡಿಯುವ ಭಟ್ಟನಿಗೂ, ಲೆಕ್ಕದ ಪುಸ್ತಕದ ಮೇಲೆ ಬಗ್ಗಿ ಕುಳಿತ ಗುಮಾಸ್ತನಿಗೂ ದಿನಕ್ಕೊಂದು ಗಂಟೆಯಾದರೂ ತಾಯ್ನುಡಿಯನ್ನು ಕೇಳಬೇಕೆಂಬ ಹಂಬಲವಿರುತ್ತದೆ. ಇಲ್ಲಿಯೇ ಹುಟ್ಟಿದ ಮಕ್ಕಳಿಗಂತೂ ಕಿವಿಯಿಂದಲೇ ಭಾಷೆ ಬರಬೇಕು. ಕೇಳದ ನುಡಿ ನಾಲಗೆಗೆ ಬಾರದು. ಈ ಕೊರತೆಯನ್ನು ನೀಗಿಕೊಳ್ಳುವ ಉಪಾಯವೊಂದು ಇಂದು ನಮ್ಮ ಕೈಗೆಟಕುವಂತಿದೆ.

ಸಣ್ಣ ಪ್ರಯತ್ನದಿಂದ ಬಾನುಲಿ ಹುಟ್ಟುವುದು ನಮ್ಮ ನಾಡಿಗೆ ಹೊಸದಲ್ಲ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವೊಂದನ್ನು ತೆರೆದರು. 'ಆಕಾಶವಾಣಿ' ಎಂಬ ಹೆಸರನ್ನು ದೇಶಕ್ಕೆ ಕೊಟ್ಟದ್ದು ಆ ಕೇಂದ್ರವೇ. ಅದೇ ವರ್ಷ ನಮ್ಮ ಹೈದರಾಬಾದಿನ ಡೆಕ್ಕನ್ ರೇಡಿಯೋ ಕೇವಲ 200 ವ್ಯಾಟಿನ ಯಂತ್ರದಿಂದ ನುಡಿಯತೊಡಗಿತು. ಜಹೀರಾಬಾದಿನ ಬಳಿ ದಲಿತ ರೈತ ಹೆಂಗಸರು 2008ರಿಂದ ಸಂಘಂ ರೇಡಿಯೋ ನಡೆಸಿದರು. ಇವರಿಗೆ ಸಾಧ್ಯವಾದದ್ದು ನಮಗೇಕೆ ಅಸಾಧ್ಯ?

ಆಕಾಶದ ತರಂಗಗಳನ್ನು ಬಳಸಲು ಸರಕಾರದ ಪರವಾನಗಿ ಬೇಕು, ಎತ್ತರದ ಕಂಬ ಬೇಕು. ಅಂತರಜಾಲದ ಬಾನುಲಿಗೆ ಕಂಬ ಬೇಡ, ತರಂಗದ ಪರವಾನಗಿಯ ಪ್ರಶ್ನೆಯೂ ಏಳದು. ಒಂದು ಕಂಪ್ಯೂಟರು, ಒಂದು ಮೈಕು, ಒಂದು ಅಂತರಜಾಲ ಸಂಪರ್ಕ, ಇವುಗಳೊಡನೆ 'ಎನ್‌ಕೋಡರ್' ಎಂಬ ತಂತ್ರಾಂಶವಿದ್ದರೆ ಸಾಕು.

ಎನ್‌ಕೋಡರ್ ಎಂದರೇನು? ಹೊಟೆಲಿನವರಾದ ನಮಗೆ ಇದು ತಿಳಿಯಲಾರದ ವಿಷಯವಲ್ಲ. ಮೈಕಿನಿಂದ ಬಂದ ಧ್ವನಿ ಹಸಿ ಸಾಮಾನು. ಸಿ.ಡಿ.ಯ ಗುಣಮಟ್ಟದಲ್ಲಿ ಅದನ್ನು ಹಾಗೆಯೇ ಕಳುಹಿಸಹೊರಟರೆ ಕ್ಷಣಕ್ಕೆ 1,411 ಕಿಲೋಬಿಟ್ ಬೇಕು. ಎನ್‌ಕೋಡರ್ ಅಡುಗೆಯವನಂತೆ, ಕಿವಿಗೆ ಬೇಡವಾದ ಹೊಟ್ಟು ತೆಗೆದು, ಅದನ್ನು 64 ಕಿಲೋಬಿಟ್ಟಿನೊಳಗೆ ಅಡಕಮಾಡುತ್ತದೆ. ಹಾಗೆ ಸಿದ್ಧವಾದುದನ್ನು ಕೇಳುಗರಿಗೆ ಹಂಚುವುದು 'ಸರ್ವರ್'. ನಮ್ಮ ಕೋಣೆಯಿಂದ ಹೊರಡುವುದು ಒಂದೇ ತಟ್ಟೆ. ಮೇಜು ಮೇಜಿಗೂ ಬೇರೆ ಬೇರೆ ತಟ್ಟೆ ಒಯ್ಯುವವನು ಸರ್ವರ್. ಐಸ್‌ಕಾಸ್ಟ್, ಶೌಟ್‌ಕಾಸ್ಟ್ ಎಂಬಿವು ಪ್ರಸಿದ್ಧ ಸರ್ವರುಗಳು. ಇವನ್ನು ತಿಂಗಳ ಬಾಡಿಗೆಗೆ ಒದಗಿಸುವವರಿದ್ದಾರೆ.

ಎನ್‌ಕೋಡರುಗಳಲ್ಲಿ 'ಬಟ್' ಎಂಬುದು ಸರಳವಾದುದು, ಬೆಲೆಯಿಲ್ಲದೆ ದೊರೆಯುವಂಥದು. ಹಾಡುಗಳನ್ನೂ ಸಾಲಾಗಿ ಜೋಡಿಸಬೇಕೆನ್ನುವವರಿಗೆ 'ಮಿಕ್ಸ್' ಎಂಬುದಿದೆ, ಅದೂ ಉಚಿತವೇ. ಬಟ್ ತೆರೆದು ಸೆಟ್ಟಿಂಗ್ಸಿಗೆ ಹೋಗಿ ಹೊಸ ಸರ್ವರೊಂದನ್ನು ಸೇರಿಸಬೇಕು. ಬಾಡಿಗೆ ಕೊಟ್ಟವರು ತಿಳಿಸಿದ ನಾಲ್ಕು ವಿವರಗಳನ್ನು ತುಂಬಬೇಕು: ಸರ್ವರಿನ ವಿಳಾಸ, ಪೋರ್ಟಿನ ಸಂಖ್ಯೆ (ಬಹುಮಟ್ಟಿಗೆ 8000), ಗುಪ್ತಪದ, ಮತ್ತು ಐಸ್‌ಕಾಸ್ಟ್ ಆದರೆ 'ಮೌಂಟ್ ಪಾಯಿಂಟ್', ಎಂದರೆ ಆ ಕಟ್ಟಡದಲ್ಲಿ ನಮ್ಮ ಕೋಣೆಯ ಹೆಸರು. ಒಂದಕ್ಷರ ತಪ್ಪಿದರೂ ಬಾಗಿಲು ತೆರೆಯದು. ಬಳಿಕ ಆಡಿಯೋ ವಿಭಾಗದಲ್ಲಿ ನಮ್ಮ ಮೈಕನ್ನು ಆರಿಸಿ, ಎಂ.ಪಿ.3 ಎಂದೂ 64 ಕಿಲೋಬಿಟ್ ಎಂದೂ, ಮಾತೇ ಪ್ರಧಾನವಾದ್ದರಿಂದ 'ಮೋನೋ' ಎಂದೂ ಗೊತ್ತುಮಾಡಿ ಪ್ರಸಾರದ ಗುಂಡಿಯನ್ನು ಒತ್ತಿದರೆ ಕೆಲಸವಾಯಿತು. ಕೇಳುಗರಿಗೆ ಧ್ವನಿ ಮುಟ್ಟುವುದು ಕೆಲವು ಕ್ಷಣ ತಡವಾಗಿ. ಅದು ದೋಷವಲ್ಲ, ಪದ್ಧತಿಯ ಸ್ವಭಾವ.

ಲೆಕ್ಕವನ್ನೂ ನೋಡೋಣ, ಲೆಕ್ಕವಿಲ್ಲದ ವ್ಯವಹಾರ ನಿಲ್ಲದು. 64 ಕಿಲೋಬಿಟ್ಟಿನಂತೆ ಒಂದು ಗಂಟೆ ಕೇಳಿದವನಿಗೆ ತಗಲುವುದು ಸುಮಾರು 29 ಮೆಗಾಬೈಟ್. ನೂರು ಮಂದಿ ಕೇಳಿದರೆ ಸರ್ವರಿನಿಂದ ಹೋಗುವುದು ಗಂಟೆಗೆ ಸುಮಾರು 2.9 ಗಿಗಾಬೈಟ್. ಆದುದರಿಂದ ಬಾಡಿಗೆಗೆ ಹಿಡಿಯುವ ಮುಂಚೆ ಒಮ್ಮೆಗೆ ಎಷ್ಟು ಮಂದಿ ಕೇಳಬಹುದು, ತಿಂಗಳಿಗೆ ಎಷ್ಟು ಸಾಗಣೆ ಎಂಬೆರಡನ್ನು ಕೇಳಿಯೇ ಹಣ ಕೊಡತಕ್ಕದ್ದು.

ಎರಡು ಎಚ್ಚರಿಕೆಗಳು ಅವಶ್ಯ. ಧ್ವನಿಯ ಮಟ್ಟವನ್ನು ತೋರಿಸುವ ಪಟ್ಟಿ ಕೆಂಪನ್ನು ಮುಟ್ಟಬಾರದು. ಮುಟ್ಟಿದರೆ ಮಾತು ಒಡೆದ ಕಂಚಿನಂತಾಗುವುದು. ಎರಡನೆಯದು, ಚಿತ್ರಗೀತೆಗಳನ್ನು ಹಕ್ಕುದಾರರ ಅನುಮತಿಯಿಲ್ಲದೆ ಬಿತ್ತರಿಸಕೂಡದು. 1957ರ ಕೃತಿಸ್ವಾಮ್ಯದ ಕಾಯಿದೆ ಅಂತರಜಾಲಕ್ಕೂ ಅನ್ವಯಿಸುತ್ತದೆ. ಆದರೆ ಇದು ನಮಗೆ ನಷ್ಟವೆಂದು ನಾನು ಭಾವಿಸೆನು. ಚಿತ್ರಗೀತೆ ಎಲ್ಲಿಯೂ ಸಿಕ್ಕೀತು. ಕುಂದಾಪುರದ ಮಾಣಿ ತನ್ನ ಊರಿನ ಮಾತಿನಲ್ಲಿ ಹೇಳುವ ಸುದ್ದಿ, ಬೀದರಿನ ಅಜ್ಜಿಯ ಬೀಸುವ ಕಲ್ಲಿನ ಪದ, ಕೆಲಸ ಹುಡುಕಿ ಬಂದ ಹುಡುಗನಿಗೆ ಹಿರಿಯ ಗುಮಾಸ್ತರೊಬ್ಬರ ಸಲಹೆ, ಕೋಣೆ ಬಾಡಿಗೆಯ ಪ್ರಕಟಣೆ, ಮಕ್ಕಳ ಮಗ್ಗಿ: ಇವು ಬೇರೆಲ್ಲಿ ಸಿಕ್ಕಾವು?

ಹೊಟೆಲಿನ ಬಾಗಿಲು ಹಾಕುವ ವೇಳೆಗೆ ಊರಿನ ಕಾರ್ಯಕ್ರಮಗಳೆಲ್ಲ ಮುಗಿದಿರುತ್ತವೆ. ನಮ್ಮ ಬಾನುಲಿಯಾದರೋ ರಾತ್ರಿ ಹನ್ನೊಂದೂವರೆಗೆ, ಪಾತ್ರೆ ತೊಳೆದ ಕೈ ಒಣಗುವ ಹೊತ್ತಿಗೆ, ಆರಂಭವಾಗಬಹುದು. ಯಂತ್ರಕ್ಕೆ ತಗಲುವ ವೆಚ್ಚ ಅಲ್ಪ. ದಿನವೂ ತಪ್ಪದೆ ಮೈಕಿನ ಮುಂದೆ ಕೂರುವ ನಾಲ್ವರು ಸಿಕ್ಕುವುದೇ ದೊಡ್ಡ ಬಂಡವಾಳ. ವಾರಕ್ಕೊಂದು ಗಂಟೆಯಿಂದ ತೊಡಗಿದರೂ ಸಾಕು. ನಮ್ಮ ಸಂಘಸಂಸ್ಥೆಗಳ ಹಿರಿಯರು ಕೋಣೆಯೊಂದನ್ನು ಬಿಟ್ಟುಕೊಡಲಿ, ಕಂಪ್ಯೂಟರು ಬಲ್ಲ ತರುಣರು ಮುಂದೆ ಬರಲಿ.