ಸಿಗ್ನಲ್ಲಿನಲ್ಲಿ ಕಾರು ಯಾಕೆ ಅರಚುತ್ತೆ?

ಕಾಚಿಗುಡದ ಸಿಗ್ನಲ್ಲಿನಲ್ಲಿ ನಿಂತಾಗ ನಿಮ್ಮ ಹಳೇ ಮಾರುತಿ 800 ಆಕ್ಸಿಲರೇಟರ್ ಒತ್ತದಿದ್ದರೂ ಜೋರಾಗಿ ಗುರ್ ಅನ್ನುತ್ತಾ? ಪೆಟ್ರೋಲ್ ದಂಡ. ಕ್ಲಚ್ ಬಿಡುತ್ತಿದ್ದಂತೆ ಮುಂದಿನ ಗಾಡಿಗೆ ಗುದ್ದೀತೆಂಬ ಭಯ ಬೇರೆ!

ಬಯಲಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಇಂಜಿನ್ ಬಿಸಿಯಾದ ಮೇಲೆ, ಏಸಿ ಆಫ್ ಇರುವಾಗ, ಐಡಲಿಂಗ್ ಸುಮಾರು 800-900 ಆರ್‌ಪಿಎಂಗೆ ಇಳಿಯಬೇಕು. ಇಳಿಯಲಿಲ್ಲವೇ? ಮೊದಲೇ ಐಡಲಿಂಗ್ ಸ್ಕ್ರೂ ತಿರುಗಿಸಬೇಡಿ. ಸದ್ದು ತಗ್ಗೀತು, ದೋಷ ಒಳಗೇ ಉಳಿದೀತು.

ಕಾರ್ಬುರೇಟರ್ ಗಾಡಿಯಾದರೆ ಚೋಕ್ ಪೂರ್ತಿ ಒಳಗೆ ಹೋಗಿದೆಯೇ ನೋಡಿ. ಇಂಜಿನ್ ಆರಿಸಿ ಆಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡಿ; ತುಸು ಸಡಿಲವಿರಬೇಕು. ಪೆಡಲ್‌ಗೆ ಮ್ಯಾಟ್ ಸಿಕ್ಕಿಕೊಂಡಿರಲೂಬಹುದು.

ಆಮೇಲೆ ವ್ಯಾಕ್ಯೂಮ್ ಪೈಪುಗಳು. ಇಂಜಿನ್ ಶಾಖಕ್ಕೆ ರಬ್ಬರ್ ಬಿರಿದು ಗಾಳಿ ಕಳ್ಳದಾರಿಯಲ್ಲಿ ಒಳನುಗ್ಗುತ್ತದೆ. ಇಂಜಿನ್ ಓಡುವಾಗ 'ಸುಸ್' ಎಂಬ ಸದ್ದು ಅದರ ಗುರುತು. ಕೇಳುವಾಗ ಸೆರಗು, ಕೈ ಫ್ಯಾನ್ ಬೆಲ್ಟಿನಿಂದ ದೂರವಿರಲಿ.

ಎಂಪಿಎಫ್‌ಐ ಗಾಡಿಯಲ್ಲಿ ಥ್ರಾಟಲ್ ಬಾಡಿಯ ಮಸಿ, ಸಿಕ್ಕಿಕೊಂಡ ಐಡಲ್ ವಾಲ್ವ್ ಕೂಡ ಕಾರಣವಾದೀತು. ಅದು ಮೆಕ್ಯಾನಿಕ್ ಕೆಲಸ. ನೀವು ಏನೇನು ನೋಡಿದಿರಿ ಅಂತ ಅವರಿಗೆ ಹೇಳಿ. ಅರ್ಧ ಕೆಲಸ ಮುಗಿದಂತೆ!