ಸ್ಕೀಯಿಂಗ್: ದಂಡ ಕೊನೆಗೆ ಬಂದ್ರೆ ಕಲಿಯೋದು ಹೇಗೆ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಕ್ಯಾಬ್‌ನಲ್ಲಿ ಓದೋರಿಗೆ, ಈ ವಾರದ ಮಾತು ಇಲ್ಲಿದೆ. ವಿಷಯ 1980ರ ಒಂದು ವಿಡಿಯೋ ಗೇಮ್, ಹೆಸರು ‘ಸ್ಕೀಯಿಂಗ್’. ನಾನು ಇವತ್ತಿಗೂ ಹಿಮದ ಮೇಲೆ ಕಾಲಿಟ್ಟವನಲ್ಲ. ಆದ್ರೂ ಈ ಗೇಮ್ ನನ್ನ ಎಂಟೆಕ್ ಪ್ರಾಜೆಕ್ಟ್‌ನ ಎರಡು ತಿಂಗಳನ್ನು ನುಂಗಿಬಿಟ್ಟಿತು.

ಅಮೆರಿಕದಲ್ಲಿ 1977ರಲ್ಲಿ ಬಂದ ಅಟಾರಿ 2600 ಅನ್ನೋ ಕನ್ಸೋಲ್‌ಗೆ ಬರೆದ ಗೇಮ್ ಇದು. ಆ ಮೆಷಿನ್ನಿನ ರ‍್ಯಾಮ್ ಬರೀ 128 ಬೈಟ್. ಗೇಮ್ ಪೂರ್ತಿ 2 ಕಿಲೋಬೈಟ್; ಫ್ಯಾಮಿಲಿ ಗ್ರೂಪಿಗೆ ಬರೋ ಗುಡ್ ಮಾರ್ನಿಂಗ್ ಫೋಟೋ ಇದರ ಎಷ್ಟೋ ಪಟ್ಟು ದೊಡ್ಡದು. ಬರೆದವರು ಬಾಬ್ ವೈಟ್‌ಹೆಡ್. ಅಟಾರಿ ಕಂಪನಿ ಗೇಮ್ ಬರೆದವರ ಹೆಸರನ್ನೇ ಹಾಕ್ತಿರಲಿಲ್ಲ. ಆ ಬೇಸರಕ್ಕೂ ದುಡ್ಡಿನ ವಿಷಯಕ್ಕೂ ಕೆಲಸ ಬಿಟ್ಟು, 1979ರಲ್ಲಿ ಆಕ್ಟಿವಿಷನ್ ಶುರು ಮಾಡಿದ ನಾಲ್ವರು ಪ್ರೋಗ್ರಾಮರ್‌ಗಳಲ್ಲಿ ಇವರೂ ಒಬ್ಬರು.

ಆಟ ಸರಳ. ಇಳಿಜಾರಿನಲ್ಲಿ ಮರಗಳಿವೆ, ಎರಡೆರಡು ಬಾವುಟ ನೆಟ್ಟ ಗೇಟುಗಳಿವೆ. ಗೇಟುಗಳ ನಡುವೆ ನುಸುಳಿ ಬೇಗ ಕೆಳಗಿಳಿಯಬೇಕು. ಒಂದು ಗೇಟ್ ತಪ್ಪಿದರೆ 5 ಸೆಕೆಂಡ್ ದಂಡ. ಆದ್ರೆ ಆ ದಂಡ ತಪ್ಪಿದ ಕ್ಷಣಕ್ಕೆ ಬೀಳಲ್ಲ, ಎಲ್ಲಾ ಸೇರಿ ಕೊನೆಗೆ ಬೀಳುತ್ತೆ. ಎಡವಟ್ಟಾಗೋದೇ ಇಲ್ಲಿ.

ನಾನು ರೀಇನ್ಫೋರ್ಸ್‌ಮೆಂಟ್ ಲರ್ನಿಂಗ್ ಬಳಸಿ ಕಂಪ್ಯೂಟರಿಗೆ ಆಟ ಕಲಿಸ್ತಿದ್ದೆ. ಅಂದ್ರೆ ನಿಯಮ ಹೇಳಿಕೊಡೋದಿಲ್ಲ, ಅಂಕ ಮಾತ್ರ ತೋರಿಸೋದು. ಬಿದ್ದು ಎದ್ದು ಅದೇ ಕಲೀಬೇಕು. ಬೇರೆ ಗೇಮ್‌ಗಳನ್ನು ಚೆನ್ನಾಗೇ ಕಲಿತ ನನ್ನ ಪ್ರೋಗ್ರಾಂ ಇಲ್ಲಿ ಮಾತ್ರ ಮೂಗಿನ ನೇರಕ್ಕೆ ಕೆಳಗೆ ಹೋಗ್ತಿತ್ತು. ಒಂದು ಗೇಟಿಗೂ ತಿರುಗ್ತಿರಲಿಲ್ಲ. ಕೋಡ್‌ನಲ್ಲಿ ಬಗ್ ಇದೆ ಅಂತ ರಾತ್ರಿಯೆಲ್ಲಾ ಹುಡುಕಿದೆ. ಗೈಡ್ ಮುಂದೆ ಗ್ರಾಫ್ ಇಡೋಕೆ ನಾಚಿಕೆ ಆಗ್ತಿತ್ತು. ಬಗ್ ಇರಲೇ ಇಲ್ಲ.

ಲೆಕ್ಕ ನೋಡಿ. ಹೋಲಿಕೆಗೆ ಇಟ್ಟುಕೊಳ್ಳೋ ಮನುಷ್ಯರ ಸಮಯ ಸುಮಾರು 43 ಸೆಕೆಂಡ್. ಪ್ರೋಗ್ರಾಂ ಸೆಕೆಂಡಿಗೆ 15 ನಿರ್ಧಾರ ಮಾಡುತ್ತೆ ಅಂದ್ರೆ ಒಟ್ಟು 645. ಇಂಥ ಅಲ್ಗಾರಿದಮ್‌ಗಳು ಮುಂದೆ ಸಿಗೋದನ್ನು ಈಗಿನದಕ್ಕಿಂತ ಕಡಿಮೆ ಬೆಲೆಗೆ ಹಿಡಿಯುತ್ತವೆ, ಸಾಮಾನ್ಯವಾಗಿ ಪ್ರತಿ ಹೆಜ್ಜೆಗೂ 0.99ರಿಂದ ಗುಣಿಸುತ್ತವೆ. 645 ಸಲ ಗುಣಿಸಿದರೆ ಉಳಿಯೋದು ಸುಮಾರು 0.0015. ಅಂದ್ರೆ ಮೊದಲ ಗೇಟ್ ತಪ್ಪಿಸಿದ 5 ಸೆಕೆಂಡ್ ದಂಡ, ಅಲ್ಲಿ ನಿಂತು ನೋಡೋ ಪ್ರೋಗ್ರಾಂಗೆ ಒಂದು ಸೆಕೆಂಡಿನ ನೂರನೇ ಒಂದು ಭಾಗವೂ ಅಲ್ಲ! ತಿರುಗಿದರೋ ವೇಗ ಕಡಿಮೆಯಾಗಿ ತಕ್ಷಣ ನಷ್ಟ. ನೇರ ಹೋಗೋದೇ ಲಾಭ ಅಂತ ಅದು ಅಂದುಕೊಂಡಿದ್ದು ಅದರ ಲೆಕ್ಕದಲ್ಲಿ ಸರಿಯೇ. 0.99 ಬದಲು 0.9999 ಇಟ್ಟರಾಯ್ತಲ್ಲ ಅಂತೀರಾ? ಆಗ ದಂಡ ಕಾಣುತ್ತೆ, ಆದ್ರೆ 645 ನಿರ್ಧಾರಗಳಲ್ಲಿ ತಪ್ಪು ಯಾವುದರದ್ದು ಅಂತ ಗೊತ್ತಾಗಲ್ಲ. ವರ್ಷವಿಡೀ ಮ್ಯಾನೇಜರ್ ಏನೂ ಹೇಳದೆ, ಅಪ್ರೈಸಲ್ ದಿನ ಬರೀ ಒಂದು ರೇಟಿಂಗ್ ಕೊಟ್ಟ ಹಾಗೆ. ಯಾವ ಟಿಕೆಟ್ಟು, ಯಾವ ಮೀಟಿಂಗು? ಇದಕ್ಕೆ ಕ್ರೆಡಿಟ್ ಅಸೈನ್‌ಮೆಂಟ್ ಸಮಸ್ಯೆ ಅಂತಾರೆ. ಕ್ರೆಡಿಟ್ ಸಿಗಲಿಲ್ಲ ಅಂತ ಕೆಲಸ ಬಿಟ್ಟವರು ಬರೆದ ಗೇಮೇ ಇದಕ್ಕೆ ಉದಾಹರಣೆ ಆಗಿದ್ದು ಕಾಕತಾಳೀಯ, ಆದ್ರೂ ನನಗೆ ನಗು ಬರುತ್ತೆ.

ನಾನೊಬ್ಬನೇ ಸೋತವನಲ್ಲ ಅನ್ನೋದು ಆಮೇಲೆ ಸಮಾಧಾನ ತಂತು. 2020ರಲ್ಲಿ ಡೀಪ್‌ಮೈಂಡ್‌ನ ‘ಏಜೆಂಟ್57’ ಅಟಾರಿಯ 57 ಗೇಮ್‌ಗಳಲ್ಲೂ ಮನುಷ್ಯರ ಮಟ್ಟ ದಾಟಿತು. ಅದಕ್ಕೆ ಬೇಕಾಗಿದ್ದು ಹತ್ತಿರ ಹತ್ತಿರ 8,000 ಕೋಟಿ ಫ್ರೇಮ್‌ಗಳ ಅನುಭವ. ಸೆಕೆಂಡಿಗೆ 60 ಫ್ರೇಮ್‌ನಂತೆ, ಊಟ ನಿದ್ದೆ ಬಿಟ್ಟು ಆಡಿದರೆ 40 ವರ್ಷಕ್ಕೂ ಮೇಲೆ. ಅಷ್ಟೂ ಕಾಯಿಸಿದ ಗೇಮ್‌ಗಳಲ್ಲಿ ಸ್ಕೀಯಿಂಗ್ ಒಂದು.

ಮನುಷ್ಯರಿಗೆ ಯಾಕೆ ಕಷ್ಟ ಆಗಲ್ಲ? ಬಾವುಟ ಕಂಡ ಕೂಡಲೇ ಅದರ ನಡುವೆ ಹೋಗ್ಬೇಕು ಅಂತ ಹೊಳೆಯುತ್ತೆ. ಹೊಳೀದಿದ್ರೆ ಡಬ್ಬಿಯಲ್ಲಿದ್ದ ಪುಸ್ತಿಕೆ ಓದ್ತೀವಿ. 2023ರಲ್ಲಿ ಕಾರ್ನೆಗಿ ಮೆಲನ್ ಸಂಶೋಧಕರ ತಂಡ ಅದನ್ನೇ ಮಾಡಿತು. ಗೇಮಿನ ಪುಸ್ತಿಕೆಯನ್ನು ಭಾಷಾ ಮಾಡೆಲ್‌ಗೆ ಓದಿಸಿ, ಅದು ತಿಳಿದುಕೊಂಡಿದ್ದರ ಮೇಲೆ ಆಟದ ನಡುವೆಯೇ ಸಣ್ಣ ಸಣ್ಣ ಅಂಕ ಕೊಟ್ಟರು. ಏಜೆಂಟ್57ಕ್ಕಿಂತ ಸಾವಿರ ಪಟ್ಟು ಕಡಿಮೆ ಫ್ರೇಮ್ ಸಾಕಾಯ್ತು. ನನ್ನ ಎರಡು ತಿಂಗಳಲ್ಲಿ ನಾನೂ ಆ ಪುಸ್ತಿಕೆ ತೆಗೆದು ನೋಡಿರಲಿಲ್ಲ.