ಗೆಳೆಯನ ಗುಟ್ಟು

ಪೀಣ್ಯದ ಎಷ್ಟೋ ಮನೆಗಳಲ್ಲಿ ತಂದೆ ರಾತ್ರಿ ಪಾಳಿಯಿಂದ ಮರಳುವ ಹೊತ್ತಿಗೆ ತಾಯಿ ಗಾರ್ಮೆಂಟ್ಸಿಗೆ ಹೊರಟಿರುತ್ತಾರೆ. ವೈಟ್‌ಫೀಲ್ಡ್‌ನ ಕಂಪ್ಯೂಟರ್ ಉದ್ಯೋಗಿಗಳ ಮನೆಗಳೂ ಬೇರೆಯಲ್ಲ. ಆದುದರಿಂದ "ಬದುಕು ಸಾಕಾಗಿದೆ, ಯಾರಿಗೂ ಹೇಳಬೇಡ" ಎಂಬ ಮಾತು ಮೊದಲು ಬೀಳುವುದು ಹದಿಹರೆಯದ ಗೆಳೆಯನ ಕಿವಿಗೆ.

ಕೊಟ್ಟ ಮಾತು ಮುರಿದರೆ ಪಾಪವಲ್ಲವೇ ಎಂದು ನಮ್ಮ ಮಕ್ಕಳು ಅಂಜುತ್ತಾರೆ. ಪಾಪನಿವೇದನೆಯ ಗೋಪ್ಯ ಗುರುಗಳನ್ನು ಕಟ್ಟಿಹಾಕುತ್ತದೆಯೇ ಹೊರತು ಗೆಳೆಯನನ್ನಲ್ಲ. ಅವನು ಅಂದೇ ತಾಯಿತಂದೆಗೋ ಶಿಕ್ಷಕರಿಗೋ ಗುರುಗಳಿಗೋ ತಿಳಿಸಲಿ. (ಗುರುಗಳಿಗಾದರೆ ಪಾಪನಿವೇದನೆಯಲ್ಲಿ ಬೇಡ, ಗುರುನಿವಾಸದಲ್ಲಿ ಹೇಳಲಿ, ಆಗ ಅವರು ಮುಂದುವರಿಯಬಲ್ಲರು.) ಹಿರಿಯರು ಬರುವವರೆಗೆ ನೊಂದವನನ್ನು ಒಂಟಿಯಾಗಿ ಬಿಡಬಾರದು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಬಹುದು. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ.

ಹಿರಿಯರಾದ ನಾವೋ, ಗದರುತ್ತೇವೆ, ನರಕದ ಭಯ ತೋರುತ್ತೇವೆ. 1917ರ ಧರ್ಮಸಭೆಯ ಕಾನೂನು ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಅಂತ್ಯಸಂಸ್ಕಾರವನ್ನು ನಿರಾಕರಿಸಿದ್ದುದು ನಿಜ. 1983ರ ಸಂಹಿತೆಯಲ್ಲಿ ಆ ಮಾತಿಲ್ಲ. ತೀವ್ರ ಮನೋವ್ಯಥೆ ವ್ಯಕ್ತಿಯ ಹೊಣೆಯನ್ನು ತಗ್ಗಿಸಬಹುದೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ನರಕದ ಮಾತು ಕೇಳಿದ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಅಷ್ಟೇ.

ಬದಲಿಗೆ ಕುಳಿತು ಕೇಳೋಣ, ವೈದ್ಯರಲ್ಲಿಗೆ ಕರೆದೊಯ್ಯೋಣ. ನಗರದಲ್ಲಿಯೇ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದು. ಮಕ್ಕಳಿಗಾಗಿ 1098 ಇದೆ. ಇವೆರಡನ್ನೂ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡೋಣ. ನಮ್ಮ ಮಕ್ಕಳ ಜೊತೆ ಊಟಕ್ಕೆ ಬರುವ ಗೆಳೆಯರ ಕಣ್ಣಿಗೂ ಬೀಳಲಿ.